ಹೂಗಳನ್ನು ಕೀಳಬಾರದು

ಡಾಕ್ಟ್ರು ಹೋದ ಸುದ್ದಿ ಬಂದಾಗ ನಾನು ಫ್ರಿಜ್ ಬಾಗಿಲು ತೆಗೆದು ನಿಂತಿದ್ದೆ. ಲೀಡ್ಸ್‌ನಿಂದ ಅವರ ಮಗಳ ಫೋನು. "ಅಪ್ಪ ಹೋದ್ರು. ಬೆಳಿಗ್ಗೆ ಟೀ ಕುಡಿದ್ರು, ಪೇಪರ್ ಓದ್ತಾ ಇದ್ರು, ದಟ್ಸ್ ಇಟ್" ಅಂದಳು. ಆಮೇಲೆ ಮೂಗು ಒರೆಸಿಕೊಂಡು, "ನಿಮಗೆ ಅಂತ ಒಂದು ಗಿಡ ಬಿಟ್ಟಿದಾರೆ. ಲೇಬಲ್ ಕಟ್ಟಿದಾರೆ. ಕನ್ನಡದಲ್ಲಿದೆ, ನಂಗೆ ಓದೋಕೆ ಬರಲ್ಲ. ಫೋಟೋ ಕಳಿಸ್ಲಾ?" ಅಂತ ಕೇಳಿದಳು. ಅವಳು ಇಲ್ಲೇ ಇಂಗ್ಲೆಂಡಿನಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಮಾತಾಡ್ತಾಳೆ, ಅಕ್ಷರ ಕಲಿತಿಲ್ಲ.

"ಬೇಡ, ನಾನೇ ಬಂದು ಓದ್ತೀನಿ" ಅಂದೆ.

ಫೋನ್ ಇಟ್ಟು ನೋಡಿದರೆ ಫ್ರಿಜ್ ಇನ್ನೂ ತೆರೆದೇ ಇತ್ತು. ಬಾಗಿಲ ಕಡೆಯ ಮಧ್ಯದ ಹಲಗೆ ಕಂಡಿತು. ಒಂದು ಕಾಲದಲ್ಲಿ ನಾಲ್ಕು ದಿನ ಅಲ್ಲಿ ಮೊಟ್ಟೆ, ಕೆಚಪ್ಪು ಏನೂ ಇಡುವ ಹಾಗಿರಲಿಲ್ಲ. ಡಾಕ್ಟ್ರ ಕೈಬರಹದ ಚೀಟಿ ಅಂಟಿಸಿತ್ತು. ಅದನ್ನು ನೆನೆದು ನಗು ಬಂತು, ನಗುತ್ತಲೇ ಅಳು ಬಂತು. ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತುಬಿಟ್ಟೆ.

ಬರ್ಮಿಂಗ್‌ಹ್ಯಾಮ್ ಪಕ್ಕದ ಸೊಲಿಹಲ್‌ನ ನಮ್ಮ ರಸ್ತೆಯಲ್ಲಿ ಕಾಲ್ನಡಿಗೆಯಲ್ಲಿ ಓಡಾಡುತ್ತಿದ್ದ ಮನುಷ್ಯ ಅವರೊಬ್ಬರೇ. ಮಿಕ್ಕವರೆಲ್ಲ ಒಂದು ಪ್ಯಾಕೆಟ್ ಹಾಲಿಗೂ ಕಾರು ತೆಗೆಯೋ ಪೈಕಿ, ನನ್ನನ್ನೂ ಸೇರಿಸಿ. ನಾವು ಈ ಮನೆಗೆ ಬಂದ ಮೊದಲ ಶನಿವಾರ ಬೆಲ್ಲಾಯಿತು. ಬಾಗಿಲು ತೆಗೆದರೆ ಟ್ವೀಡ್ ಕೋಟು, ಮಣ್ಣಾದ ಬೂಟು, ಬೆಳ್ಳಗಿನ ಪೊದೆ ಹುಬ್ಬು. ನನ್ನ ಮುಖ ನೋಡಲಿಲ್ಲ, ಹೊಸಿಲ ಮುಂದಿನ ರಂಗೋಲಿ ನೋಡುತ್ತಾ ನಿಂತಿದ್ದರು.

"ಮೈಸೂರಿನ ಕಡೆಯವರಾ?"

"ಹೌದು. ಹೇಗೆ ಗೊತ್ತಾಯ್ತು?"

"ಎಳೆ ಎಷ್ಟು ಸಣ್ಣಗಿದೆ ನೋಡಿ. ನಮ್ಮ ಧಾರವಾಡದ ಕಡೆ ರಂಗೋಲಿ ಪುಡಿಯಲ್ಲಿ ಇಷ್ಟು ಜುಗ್ಗತನ ಮಾಡಲ್ಲ."

ಒಳಗೆ ಬಂದವರ ಕಣ್ಣು ಅಡುಗೆಮನೆ ಕಟ್ಟೆಯ ಮೇಲಿದ್ದ ಸೀತಾಫಲಕ್ಕೆ ಬಿತ್ತು. ಬರ್ಮಿಂಗ್‌ಹ್ಯಾಮ್‌ನ ನಮ್ಮವರ ಅಂಗಡಿಯಿಂದ ಆಸೆಪಟ್ಟು ತಂದಿದ್ದೆ. ಒಂದು ಹಣ್ಣು ಕೈಗೆತ್ತಿಕೊಂಡು ಶುರು ಮಾಡಿದರು ನೋಡಿ. ಈ ಹಣ್ಣು ಅಮೆರಿಕಾ ಖಂಡದ್ದಂತೆ, ಹಡಗು ಹತ್ತಿ ನಮ್ಮ ದೇಶಕ್ಕೆ ಬಂದದ್ದಂತೆ, ಸೀತಮ್ಮ ಇದನ್ನು ಕಣ್ಣಲ್ಲಿ ಕೂಡ ಕಂಡಿರಲಿಕ್ಕಿಲ್ಲವಂತೆ. "ಆದರೆ ಇದರ ದಾಯಾದಿಗಳು ಆಫ್ರಿಕಾದಲ್ಲಿದ್ದಾರೆ. ಅವರು ಯಾರಿಗೂ ಗೊತ್ತಿಲ್ಲ. ಬನ್ನಿ, ಪರಿಚಯ ಮಾಡಿಸ್ತೀನಿ" ಅಂದರು. ಇನ್ನೂ ಪೆಟ್ಟಿಗೆ ಬಿಚ್ಚಿರಲಿಲ್ಲ, ಗ್ಯಾಸ್ ಕನೆಕ್ಷನ್ ಆಗಿರಲಿಲ್ಲ. ಎಲ್ಲ ಹಾಗೇ ಬಿಟ್ಟು ನಾನೂ ನನ್ನ ಗಂಡನೂ ಅವರ ಹಿಂದೆ ಹೊರಟೆವು.

ಅವರ ಹಿತ್ತಲಲ್ಲಿ ಒಂದು ಗಾಜಿನ ಮನೆ. ಹೊರಗೆ ಕೊರೆಯುವ ಚಳಿ, ಬಾಗಿಲು ತಳ್ಳಿದರೆ ಒಳಗೆ ಬೆವರು. ಬಾಗಿಲ ಮೇಲೆ ಹಸಿರು ಹಲಗೆಗೆ ಹಳದಿ ಬಣ್ಣದಲ್ಲಿ, ನಮ್ಮ ಊರಿನ ಪಾರ್ಕುಗಳಲ್ಲಿ ಇರುತ್ತದಲ್ಲ ಥೇಟ್ ಹಾಗೇ, ಅವರ ಕೈಯಾರೆ ಬರೆದ ಬೋರ್ಡು: "ಹೂಗಳನ್ನು ಕೀಳಬಾರದು."

"ಸೊಲಿಹಲ್‌ನಲ್ಲಿ ಕನ್ನಡ ಬೋರ್ಡು ಯಾರಿಗೆ ಡಾಕ್ಟ್ರೇ?" ಅಂದೆ.

"ಹೂ ಕೀಳೋರು ನಮ್ಮವರೇ ಅಲ್ಲವೇನಮ್ಮ? ಇಂಗ್ಲಿಷರಿಗೆ ಯಾಕೆ ಬೋರ್ಡು?"

ಒಳಗೆ ಮೂರು ಗಿಡ. ಮೊದಲನೆಯದು ಆಫ್ರಿಕಾದ ಕಾಡು ಸೀತಾಫಲ, ಬೂದು ಎಲೆ, ಸೊಂಟದೆತ್ತರ. ಎರಡನೆಯದು ಕಡ್ಡಿ ಕಡ್ಡಿಯಾಗಿ ಕಪ್ಪು ಕಾಯಿ ಬಿಡುವ ಮರ, ಆ ಕಡೆ ಅದನ್ನು ಮೆಣಸಿನ ಹಾಗೆ ಬಳಸುತ್ತಾರಂತೆ. ಮೂರನೆಯದು ಗಾಜಿನ ಸೂರು ಮುಟ್ಟಿ ತಲೆ ಬಗ್ಗಿಸಿಕೊಂಡು ನಿಂತಿತ್ತು. ಅದರ ಮುಂದೆ ಮಾತ್ರ ಡಾಕ್ಟ್ರು ಟೋಪಿ ತೆಗೆದರು. "ಇದು ಎಹುರು. ಸೀತಾಫಲಕ್ಕೆ ಸೋದರತ್ತೆ ಆಗಬೇಕು ಅಂತ ನನ್ನ ಲೆಕ್ಕ" ಅಂದರು.

ಪ್ರಾಯದಲ್ಲಿ ಅವರು ನಾಲ್ಕು ವರ್ಷ ನೈಜೀರಿಯಾದ ಪೂರ್ವ ಭಾಗದ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದರು. ಆಸ್ಪತ್ರೆ ಅಂಗಳದಲ್ಲಿ ದೊಡ್ಡ ಎಹುರು ಮರ. ಅವರಿಗೆ ಮಲೇರಿಯಾ ಬಂದು ಮಲಗಿದಾಗ ಅಲ್ಲಿನ ನರ್ಸಮ್ಮ ಅದರ ಬೀಜ ಹುರಿದು ತೇದು ಹಾಕಿ ಖಾರದ ಸೂಪು ಮಾಡಿ ಕುಡಿಸಿದಳಂತೆ. "ಆ ವಾಸನೆಗೆ ಎದ್ದು ಕೂತೆ. ಮಾತ್ರೆಯಿಂದ ಅಲ್ಲ" ಅಂತ ಸಾವಿರ ಸಲ ಹೇಳಿದ್ದಾರೆ. ಆಮೇಲೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೂವತ್ತು ವರ್ಷ ಜಿಪಿ, ಅಂದರೆ ಬಡಾವಣೆಯ ಡಾಕ್ಟ್ರು, ಆಗಿದ್ದಾಗಲೂ ಆ ಮರ ತಲೆಯಲ್ಲೇ ಉಳಿದಿತ್ತು. ಆಫ್ರಿಕನ್ ಅಂಗಡಿಯ ಬೀಜ ಎಷ್ಟು ಬಿತ್ತಿದರೂ ಮೊಳೆಯಲಿಲ್ಲ. ಈ ಬೀಜ ಒಣಗಿದರೆ ಸತ್ತಿತು, ಹಣ್ಣಿನಿಂದ ತೆಗೆದ ಹಸಿಯಲ್ಲೇ ಮಣ್ಣಿಗೆ ಹಾಕಬೇಕು. ಕಡೆಗೆ ಅವರ ಕ್ಲಿನಿಕ್ಕಿನ ನೈಜೀರಿಯಾದ ನರ್ಸೊಬ್ಬಳು ರಜೆಗೆ ಊರಿಗೆ ಹೋದವಳು ತಿರುಳಿನ ಸಮೇತ ಹನ್ನೊಂದು ಬೀಜ ತಂದುಕೊಟ್ಟಳು. ಹನ್ನೊಂದರಲ್ಲಿ ಮೊಳೆತದ್ದು ಇದೊಂದು.

ನಿವೃತ್ತಿ ಆಗಿತ್ತು, ಹೆಂಡತಿ ತೀರಿಕೊಂಡಿದ್ದರು, ಡಾಕ್ಟರಿಕೆ ಮಾತ್ರ ಬಿಟ್ಟಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಗಾಜಿನ ಮನೆಯಲ್ಲಿ ರೌಂಡ್ಸು. ಪ್ರತಿ ಗಿಡಕ್ಕೂ ಒಂದು ಕೇಸ್ ಶೀಟು, ಅದರಲ್ಲಿ ಉಷ್ಣಾಂಶ, ನೀರು, ಹೊಸ ಎಲೆ. ಮನುಷ್ಯರಿಗೆ ಅಷ್ಟು ಉಪಚಾರ ಇರಲಿಲ್ಲ. ನಾನೊಮ್ಮೆ ಮಂಡಿ ನೋವು ಅಂದಾಗ, "ನಿಮ್ಮ ಜಿಪಿಗೆ ಎಂಟು ಗಂಟೆಗೆ ಫೋನ್ ಮಾಡಿ, ಎಲ್ಲರ ಹಾಗೆ ಲೈನಲ್ಲಿ ಕಾಯಿರಿ. ನಂದು ಈಗ ಗಿಡಗಳ ಪ್ರಾಕ್ಟೀಸು" ಅಂದರು. ಅಂದವರು ಸಂಜೆ ಒಂದು ಮುಲಾಮು ಹಿಡಿದು ಬಂದರು, ಅದು ಬೇರೆ ಮಾತು.

ಎಲ್ಲರ ಜೊತೆ ನಮ್ಮ ಬೆಂಗಳೂರು-ಮೈಸೂರಿನ ಕನ್ನಡವನ್ನೇ ಹದವಾಗಿ ಆಡುತ್ತಿದ್ದರು. ಸಿಟ್ಟು ಬಂತೋ, ಧಾರವಾಡ ಹೊರಗೆ ಬರುತ್ತಿತ್ತು. ಒಂದು ಯುಗಾದಿಗೆ ಕನ್ನಡದವರೆಲ್ಲ ಸೇರಿದ್ದಾಗ ಅಂಗಡಿಯ ಒಣ ಎಹುರು ಬೀಜ ತೇದು ಹಾಕಿದ ಸಾರು ಮಾಡಿ ತಂದಿದ್ದರು. ಘಮ ಅಂದರೆ ಘಮ, ಜಾಯಿಕಾಯಿಯ ಅಣ್ಣ. ಯಾರೋ ಪಾಪ, "ಜಾಯಿಕಾಯಿ ಸ್ವಲ್ಪ ಜಾಸ್ತಿಯಾಯ್ತೇನೋ ಡಾಕ್ಟ್ರೇ" ಅಂದರು. "ಅಲ್ರೀ, ನಾಲಿಗಿ ಐತೋ ಇಲ್ಲೋ ನಿಮಗ? ಇದು ಜಾಯಿಕಾಯಿ ಏನ್ರೀ ಇದು?" ಅಂತ ಶುರುವಾದದ್ದು ಹೋಳಿಗೆ ಬಡಿಸುವ ತನಕ ನಿಲ್ಲಲಿಲ್ಲ. ಆ ಮನುಷ್ಯ ಹೆದರಿ ಮೂರು ಸಲ ಸಾರು ಹಾಕಿಸಿಕೊಂಡರು.

ಆ ಎಹುರು ಮರ ವಸಂತದಲ್ಲಿ ಹೊಸ ಎಲೆಯ ಜೊತೆ ಹೂ ಬಿಡುತ್ತಿತ್ತು. ಕಾಯಿ ಮಾತ್ರ ಒಂದೂ ಕಚ್ಚಲಿಲ್ಲ. ಅದರ ಕಾರಣವನ್ನು ಅವರು ನನಗೆ ಹೇಳಿದ್ದು ಹೀಗೆ. ಸೀತಾಫಲದ ಮನೆತನದಲ್ಲಿ ಹೂ ಅರಳಿದ ಮೊದಲ ದಿನ ಹೆಣ್ಣು, ಮಾರನೇ ದಿನ ಗಂಡು, ಮೂರನೇ ದಿನ ಉದುರಿ ಮಣ್ಣು. ಹಾಗಾಗಿ ಒಂದು ಹೂ ತನಗೆ ತಾನೇ ಕೂಡಿಕೊಳ್ಳುವಂತಿಲ್ಲ. ಗಂಡಾದ ಹಳೇ ಹೂವಿನ ಪರಾಗ ಆಗಷ್ಟೇ ಅರಳಿದ ಹೂವಿಗೆ ಮುಟ್ಟಬೇಕು. "ಆಫ್ರಿಕಾದಲ್ಲಿ ಈ ಕೆಲಸಕ್ಕೆ ಒಂದು ಜಾತಿ ಸಣ್ಣ ದುಂಬಿ ಇದೆ. ಸೊಲಿಹಲ್‌ನಲ್ಲಿ ಆ ದುಂಬಿ ನಾನೇ" ಅಂತ ಜೇಬಿನಿಂದ ಪುಟ್ಟ ಬ್ರಷ್ಷು ತೆಗೆದು ತೋರಿಸಿದ್ದರು. ತೊಂದರೆ ಏನೆಂದರೆ, ಈ ಮರ ಎಲ್ಲ ಹೂವನ್ನೂ ಒಂದೇ ದಿನ ಅರಳಿಸುತ್ತಿತ್ತು. ಎಲ್ಲ ಒಟ್ಟಿಗೆ ಹೆಣ್ಣು, ಎಲ್ಲ ಒಟ್ಟಿಗೆ ಗಂಡು. ಮೂರು ನಾಲ್ಕು ದಿನ ತಡವಾಗಿ ಒಂದೋ ಎರಡೋ ಮೊಗ್ಗು ಬಿರಿಯುವಷ್ಟರಲ್ಲಿ ಗಂಡುಗಳೆಲ್ಲ ಖಾಲಿ. ಪರಾಗವನ್ನು ಉದುರಿಸಿ ಗಾಜಿನ ಕೊಳವೆಯಲ್ಲಿ ತುಂಬಿ, ವ್ಯಾಕ್ಸಿನ್ ಇಟ್ಟ ಹಾಗೆ ಫ್ರಿಜ್ಜಿನಲ್ಲಿಟ್ಟು ನೋಡಿದ್ದರು. ಪ್ರತಿ ವರ್ಷ ಸತ್ತುಹೋಗುತ್ತಿತ್ತು.

"ಗೋಂದು ಹಾಕಿ ಅಂಟಿಸಿದ್ರೂ ಆಗಲ್ಲ ಕಣಮ್ಮ. ಮದುವೆಗೆ ಗಂಡು ಜೀವಂತ ಇರಬೇಕಲ್ಲ" ಅಂತ ನಗುತ್ತಿದ್ದರು.

ನಗು ನಿಂತದ್ದು ಒಂದು ಚಳಿಗಾಲದಲ್ಲಿ. ಎಪ್ಪತ್ತೊಂಬತ್ತು ವಯಸ್ಸು, ಒಮ್ಮೆ ಮೆಟ್ಟಿಲಲ್ಲಿ ಜಾರಿ ಬಿದ್ದರು. ಮಗಳು ಲೀಡ್ಸ್‌ನಿಂದ ಓಡಿ ಬಂದಳು, ಮಾತುಕತೆಯಾಯಿತು. ಇಲ್ಲಿಯ ತಮ್ಮ ಮನೆ ಮಾರಿ ಡಾಕ್ಟ್ರು ಮುಂದಿನ ಜನವರಿಗೆ ಅವಳ ಮನೆಗೆ ಹೋಗುವುದು ಅಂತ ತೀರ್ಮಾನ. ಕೊಂಡವರು ಗಾಜಿನ ಮನೆ ಕೆಡವಿ ಅಲ್ಲಿವರೆಗೆ ಅಡುಗೆಮನೆ ದೊಡ್ಡದು ಮಾಡುತ್ತಾರಂತೆ. ಸಣ್ಣ ಗಿಡಗಳೆರಡೂ ಒಂದು ಕಾಲೇಜಿನ ತೋಟಕ್ಕೆ ಹೋಗೋದಿತ್ತು. ಎಹುರು ಹನ್ನೆರಡು ಅಡಿ ಮರ, ಬೇರು ನೆಲಕ್ಕಿಳಿದಿತ್ತು. ಕಿತ್ತರೆ ಬದುಕಲ್ಲ, ಕೊಂಬೆ ನೆಟ್ಟು ನೋಡಿದ್ದರು, ಬೇರು ಬಿಡಲಿಲ್ಲ.

"ಬರೋ ವಸಂತದ ಹೂವೇ ಕಡೇದು" ಅಂದರು ನನ್ನ ಹತ್ತಿರ. "ಒಂದು ಕಾಯಿ ಕಚ್ಚಿದರೆ ಬೀಜ ತಗೊಂಡು ಹೋಗಬಹುದು. ಇಲ್ಲದಿದ್ದರೆ ಇದು ಇಲ್ಲಿಗೆ ಮುಗೀತು."

ಏಪ್ರಿಲ್‌ನಲ್ಲಿ ನಮ್ಮತ್ತೆ ಬಂದರು, ಮೈಸೂರಿನಿಂದ, ಆರು ತಿಂಗಳ ವೀಸಾದ ಮೇಲೆ. ಅವರಿಗೆ ಬೆಳಿಗ್ಗೆ ಐದಕ್ಕೆ ಎಚ್ಚರ, ದೇವರಿಗೆ ಹೂ ಬೇಕು. ಅಂಗಡಿಯಲ್ಲಿ ಪ್ಲಾಸ್ಟಿಕ್ಕು ಸುತ್ತಿಟ್ಟ ಹೂ ಅವರ ಪ್ರಕಾರ ಹೂವೇ ಅಲ್ಲ. ಸೀರೆಯ ಮೇಲೆ ನನ್ನ ಕಾರ್ಡಿಗನ್, ನನ್ನ ಗಂಡನ ಹಳೇ ಟ್ರೇನರ್ಸ್ ಬೂಟು, ಕೈಯಲ್ಲೊಂದು ಕವರು ಹಿಡಿದು ವಾಕಿಂಗ್ ಹೊರಡುತ್ತಿದ್ದರು. ಒಂದೇ ವಾರದಲ್ಲಿ ರಸ್ತೆಯ ಯಾರ ಬೇಲಿಯಲ್ಲಿ ಏನಿದೆ ಅನ್ನೋದು ಅವರಿಗೆ ಬಾಯಿಪಾಠ. "ಗೋಡೆ ದಾಟಿ ಈಚೆ ಬಂದ ಹೂ ದೇವರದ್ದು ಕಣೇ" ಅನ್ನೋದು ಅವರ ಕಾನೂನು. ಎದುರು ಮನೆ ಇಂಗ್ಲಿಷ್ ಮುದುಕಿ ಒಂದು ದಿನ ಡ್ರೆಸ್ಸಿಂಗ್ ಗೌನಿನಲ್ಲೇ ಹೊರಗೆ ಬಂದಳು. ಜಗಳಕ್ಕೆ ಬಂದಳು ಅಂತ ನಾನು ಕಿಟಕಿಯಲ್ಲಿ ನಡುಗಿದರೆ, ಅತ್ತೆ ಕೈಗೆ ಒಂದು ಕತ್ತರಿ ಕೊಟ್ಟು ಹೋದಳು, ಗಿಡ ಹರಿಯದೆ ಸರಿಯಾಗಿ ಕತ್ತರಿಸಲಿ ಅಂತ.

ಮೇ ತಿಂಗಳಲ್ಲಿ ಎಹುರಿನಲ್ಲಿ ಆರು ಮೊಗ್ಗು ಬಂತು. ಐದು ಇವತ್ತೋ ನಾಳೆಯೋ ಅನ್ನೋ ಹಾಗಿದ್ದವು, ಒಂದು ಇನ್ನೂ ಹಿಂದೆ. ಅದೇ ಹೊತ್ತಿಗೆ ಮೊಮ್ಮಗಳ ಹುಟ್ಟುಹಬ್ಬ ಬಂದು ಡಾಕ್ಟ್ರು ಗುರುವಾರ ಲೀಡ್ಸಿಗೆ ಹೋಗಲೇಬೇಕಾಯಿತು. ಶನಿವಾರ ಮಧ್ಯಾಹ್ನ ವಾಪಸ್ಸು. ಅಷ್ಟರಲ್ಲಿ ಐದೂ ಗಂಡಾಗಿರುತ್ತವೆ, ಪರಾಗ ತೆಗೆದಿಡೋಕೆ ಈ ಸಲ ಹೊಸದೊಂದು ಉಪಾಯ ಮಾಡಿದ್ದರು. ಬೀಗದಕೈ ನನ್ನ ಕೈಗೆ ಕೊಟ್ಟು, "ಬೆಳಿಗ್ಗೆ ನೀರು. ಹೀಟರ್ ಆರಿಲ್ಲ ಅಂತ ನೋಡಿ. ಅಷ್ಟೇ. ಬೇರೆ ಯಾರನ್ನೂ ನಂಬಲ್ಲ ನಾನು" ಅಂದರು. ಆ ಮಾತು ಈಗಲೂ ಚುಚ್ಚುತ್ತೆ.

ಯಾಕಂದರೆ ಶುಕ್ರವಾರ ನಾನು ಕೆಲಸ ಮಾಡುವ ಕಾರು ಕಾರ್ಖಾನೆಯಲ್ಲಿ ಪಾಳಿ ಪಟ್ಟಿ ಬದಲಾಗಿ ನನಗೆ ಬೆಳಿಗ್ಗೆ ಆರರ ಶಿಫ್ಟು ಬಿತ್ತು. ಬೀಗದಕೈಯನ್ನು ಅತ್ತೆಗೆ ಕೊಟ್ಟೆ. "ನೀರು ಹಾಕಿ ಬನ್ನಿ, ಸಾಕು" ಅಂದೆ. ಹೂವಿನ ಮಾತು ಎತ್ತಲಿಲ್ಲ. ಎತ್ತಬೇಕು ಅಂತ ಹೊಳೆಯಲೇ ಇಲ್ಲ, ಬೋರ್ಡಿದೆಯಲ್ಲ!

ಮೂರೂವರೆಗೆ ಮನೆಗೆ ಬಂದು ಚಪ್ಪಲಿ ಬಿಡುತ್ತಾ ದೇವರ ಕಡೆ ತಿರುಗಿದೆ. ದೇವಿ ಫೋಟೋದ ಎರಡೂ ಪಕ್ಕ ಎರಡು ಹೂ. ಅಂಗೈಯಗಲ, ಹಳದಿ ದಳ, ಅಂಚೆಲ್ಲ ನೆರಿಗೆ ನೆರಿಗೆ, ಮೇಲೆ ಕೆಂಪು ಚುಕ್ಕೆ. ಎಹುರಿನ ಹೂ!

"ನೋಡ್ದ್ಯೇನೇ?" ಅತ್ತೆ ಹಿಗ್ಗಿ ಹೀರೇಕಾಯಿ ಆಗಿದ್ದರು. "ಅರಿಶಿನ ಕುಂಕುಮ ಇಟ್ಕೊಂಡೇ ಹುಟ್ಟಿದೆ ಈ ಹೂ! ಶುಕ್ರವಾರ ಬೇರೆ. ನೋಡಿದ ತಕ್ಷಣ ಕೈ ಮುಗಿದುಬಿಟ್ಟೆ."

"ಎಷ್ಟು ಕಿತ್ರಿ?"

"ಅರಳಿದ್ದು ಐದೂ. ಒಂದು ಮೊಗ್ಗಿತ್ತು, ಪಾಪ ಕೂಸು ಅಂತ ಬಿಟ್ಟೆ."

"ಬಾಗಿಲ ಮೇಲೆ ಬೋರ್ಡ್ ನೋಡ್ಲಿಲ್ವಾ ಅತ್ತೆ?"

"ಅಯ್ಯೋ, ನೋಡ್ದೆ. ಎಷ್ಟು ಮುದ್ದಾಗಿ ಬರ್ಸಿದಾರೆ ಕನ್ನಡದಲ್ಲಿ! ನಮ್ಮ ಪಾರ್ಕಲ್ಲೂ ಇದೆಯಲ್ಲ. ಅದು ಇದ್ದೇ ಇರತ್ತೆ."

ನನ್ನ ಬಾಯಿ ಸುಮ್ಮನಿರೋ ಬಾಯಲ್ಲ. ಆಡಬಾರದ್ದು ಒಂದೆರಡು ಆಡಿದೆ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಮಹಡಿ ಹತ್ತಿದರು, ಊಟಕ್ಕೆ ಇಳಿಯಲಿಲ್ಲ. ನನ್ನ ಗಂಡ, "ಸೆಲೋಟೇಪಲ್ಲಿ ಅಂಟಿಸಿದ್ರೆ..." ಅಂತ ಬಾಯಿ ತೆಗೆದವರು ನನ್ನ ಮುಖ ನೋಡಿ ಮುಚ್ಚಿಕೊಂಡರು. ತಪ್ಪು ನಂದೇ ಅಂತ ನನಗೆ ಗೊತ್ತಿತ್ತು. ನಂಬಿ ಕೊಟ್ಟ ಬೀಗದಕೈಯನ್ನು ದಾಟಿಸಿದವಳು ನಾನು.

ಶನಿವಾರ ಡಾಕ್ಟ್ರು ಬಂದ ಗಳಿಗೆಗೆ ನಾನು ಅವರ ಗೇಟಿನಲ್ಲಿದ್ದೆ. ಎಲ್ಲ ಹೇಳಿದೆ. ಧಾರವಾಡದ ಸಿಡಿಲು ಹೊಡೆಯುತ್ತೆ ಅಂತ ತಲೆ ತಗ್ಗಿಸಿ ಕಾದೆ. ಏನೂ ಇಲ್ಲ. ಅವರು ಗಾಜಿನ ಮನೆಗೆ ಹೋಗಿ, ಮುರಿದ ಐದು ತೊಟ್ಟನ್ನೂ ಒಂದೊಂದಾಗಿ ಮುಟ್ಟಿ ನೋಡಿ, ಬೋರಲು ಹಾಕಿದ ಬಕೆಟ್ ಮೇಲೆ ಕೂತರು. "ಆತು ಬಿಡ್ರಿ" ಅಂದರು ಮೆಲ್ಲಗೆ. "ದೇವರ ಪಾಲಿಗೆ ಹೋತು." ಬೈದಿದ್ದರೆ ಎಷ್ಟೋ ವಾಸಿ ಇತ್ತು. ನನಗೆ ಅಳು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಹಿಂದೆ ಟ್ರೇನರ್ಸ್ ಸದ್ದು. ಅತ್ತೆ! ಕೈಯಲ್ಲಿ ನಮ್ಮ ಇಡ್ಲಿ ಹಿಟ್ಟಿನ ಸ್ಟೀಲ್ ಡಬ್ಬಿ.

"ಡಾಕ್ಟ್ರೇ, ತಪ್ಪಾಯ್ತು. ಎರಡು ದೇವಿಗೆ ಏರಿಸಿಬಿಟ್ಟೆ, ಅದನ್ನ ವಾಪಸ್ ಕೇಳಕ್ಕಾಗಲ್ಲ. ಮೂರು ಇವೆ, ತಗೊಳ್ಳಿ. ಶನಿವಾರ ಭಾನುವಾರಕ್ಕೆ ಇರಲಿ ಅಂತ ಎತ್ತಿಟ್ಟಿದ್ದೆ. ಇವತ್ತು ಮನಸ್ಸೇ ಬರಲಿಲ್ಲ, ಏರಿಸಲಿಲ್ಲ."

ಮುಚ್ಚಳ ತೆಗೆದರು. ಹಳೇ ಪಂಚೆಯ ತುಂಡು, ಒದ್ದೆ ಮಾಡಿ ಹಿಂಡಿದ್ದು. ಅದನ್ನು ಬಿಡಿಸಿದರೆ ಮೂರು ಹೂ, ಈಗ ತಾನೇ ಕಿತ್ತ ಹಾಗೆ. ಡಾಕ್ಟ್ರು ಜೇಬಿನಿಂದ ಭೂತಗನ್ನಡಿ ತೆಗೆದು ಒಂದು ಹೂವಿನ ದಳ ಮೆಲ್ಲಗೆ ಸರಿಸಿದರು. ಎರಡನೆಯದು ನೋಡಿದರು. ಮೂರನೆಯದು. ಎದ್ದು ನಿಂತೇಬಿಟ್ಟರು.

"ಇವನ್ನ ಯಾವಾಗ ಕಿತ್ರಿ?"

"ನಿನ್ನೆ ಬೆಳಿಗ್ಗೆ ಆರಕ್ಕೆ."

"ಎಲ್ಲಿಟ್ಟಿದ್ರಿ?"

"ಫ್ರಿಜ್ ಬಾಗಿಲಲ್ಲಿ. ಒಳಗಿಟ್ಟರೆ ಚಳಿಗೆ ಕಪ್ಪಾಗತ್ತೆ ನೋಡಿ."

"ಇನ್ನೂ ಹೆಣ್ಣಾಗೇ ಅದಾವಲ್ರೀ!" ಡಾಕ್ಟ್ರ ದನಿ ಗಾಜಿಗೆ ಬಡಿದು ವಾಪಸ್ ಬಂತು. "ಗಂಡಾಗೇ ಇಲ್ಲ! ನಿನ್ನೆ ಎಲ್ಲಿದ್ವೋ ಅಲ್ಲೇ ನಿಂತಾವ!"

ಅತ್ತೆ ಅರ್ಧ ಹೆಜ್ಜೆ ಹಿಂದೆ ಸರಿದರು. ಹೂವಿನ ಹೆಣ್ಣು ಗಂಡಿನ ಮಾತು ಅವರಿಗೆ ತಲೆಬುಡ ಗೊತ್ತಿಲ್ಲ. ನಾನು ಎರಡು ಮಾತಲ್ಲಿ ಹೇಳಿದೆ: ಆ ಉಳಿದ ಮೊಗ್ಗು ಅರಳುವ ತನಕ ಇವು ಹೀಗೇ ಇರಬೇಕು, ಅದು ಅರಳೋ ದಿನ ಇವು ಬಲಿತು ಗಂಡಾಗಬೇಕು.

"ಅಷ್ಟೇ ತಾನೇ?" ಅಂದರು ಅತ್ತೆ. "ಮಲ್ಲಿಗೆ ಮೊಗ್ಗನ್ನ ನಮ್ಮಜ್ಜಿ ಕಾಲದಿಂದ ಹೀಗೇ ಇಡೋದು. ಆಗ ಮಡಕೆ ಪಕ್ಕ, ಈಗ ಫ್ರಿಜ್ಜು. ಅರಳಬೇಕು ಅಂದ್ರೆ ಹಿಂದಿನ ಸಂಜೆ ಹೊರಗೆ ತೆಗಿ, ಬೇಡ ಅಂದ್ರೆ ಒಳಗಿಡು, ದಿನಾ ಬಟ್ಟೆ ಬದಲಾಯಿಸು. ಇಷ್ಟಕ್ಕೆ ಡಾಕ್ಟರ್ ಓದಬೇಕಾ?"

ಡಾಕ್ಟ್ರು ನಕ್ಕರು. ಬಕೆಟ್ ಮೇಲೆ ಮತ್ತೆ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಇಷ್ಟು ವರ್ಷ ಬರೀ ಪರಾಗ ತೆಗೆದು ಫ್ರಿಜ್ಜಿನಲ್ಲಿಟ್ಟೆ. ಇಡೀ ಹೂ ಇಡಬೇಕು ಅಂತ ತಲೆಗೇ ಬರಲಿಲ್ಲ ನೋಡಿ. ಬರೋದು ಹೇಗೆ? ಕೀಳಬೇಕಲ್ಲ! ಒಂದು ಹೂ ಕೀಳೋಕೂ ನನಗೆ ಧೈರ್ಯ ಇರಲಿಲ್ಲ."

ಮುಂದಿನ ನಾಲ್ಕು ದಿನ ನಮ್ಮ ಫ್ರಿಜ್ಜಿಗೆ ಬಂದ ಮರ್ಯಾದೆ ಹೇಳತೀರದು. ಬಾಗಿಲ ಮಧ್ಯದ ಹಲಗೆ ಖಾಲಿ ಮಾಡಿಸಿ, "ಪೇಷಂಟ್ ಇದ್ದಾರೆ. ಬಾಗಿಲು ಸುಮ್ಮನೆ ತೆಗೆಯಬೇಡಿ" ಅಂತ ಡಾಕ್ಟ್ರು ಚೀಟಿ ಅಂಟಿಸಿದರು. ದಿನಕ್ಕೆ ಮೂರು ಸಲ ಬೆಲ್ಲು. ಡಾಕ್ಟ್ರು ಕಾಲೊರೆಸಿಕೊಂಡು ಒಳಗೆ ಬಂದು, "ಸಿಸ್ಟರ್, ಪೇಷಂಟ್ ಹೇಗಿದ್ದಾರೆ?" ಅನ್ನುವರು. ಅತ್ತೆ ಗಂಭೀರವಾಗಿ, "ಬಟ್ಟೆ ಬದಲಾಯಿಸಿದ್ದೀನಿ ಡಾಕ್ಟ್ರೇ, ಜ್ವರ ಇಲ್ಲ" ಅನ್ನುವರು. ಮಂಗಳವಾರಕ್ಕೆ ಮೊಗ್ಗು ಬಿರಿಯುತ್ತೆ ಅಂತ ಡಾಕ್ಟ್ರ ಅಂದಾಜು. ಅತ್ತೆ ಹೋಗಿ ಮೊಗ್ಗಿನ ತುದಿ ಹಿಚುಕಿ ನೋಡಿ, "ಬುಧವಾರ" ಅಂದರು. ಇಬ್ಬರಿಗೂ ಸಣ್ಣ ವಾಗ್ವಾದವಾಯಿತು. ಗೆದ್ದದ್ದು ಅತ್ತೆ. ಮಂಗಳವಾರ ಸಂಜೆ ಡಬ್ಬಿ ಹೊರಗೆ ಬಂದು ಒಲೆ ಪಕ್ಕ ಕೂತಿತು. ಬುಧವಾರ ಬೆಳಿಗ್ಗೆ ನೋಡಿದರೆ ಒಂದು ಹೂ ಕಪ್ಪಾಗಿತ್ತು, ಎರಡರಲ್ಲಿ ಪರಾಗ ಸಡಿಲವಾಗಿ ಬಟ್ಟೆಗೆ ಅಂಟಿತ್ತು.

ನಾನು ಕೆಲಸಕ್ಕೆ ತಡವಾಗಿ ಬರ್ತೀನಿ ಅಂತ ಮೆಸೇಜ್ ಹಾಕಿದೆ. ಮೂವರೂ ಗಾಜಿನ ಮನೆಗೆ ಹೋದೆವು. ಮೊಗ್ಗು ಅರಳಿತ್ತು. ಡಾಕ್ಟ್ರು ಬ್ರಷ್ಷಿಗೆ ಪರಾಗ ಹತ್ತಿಸಿಕೊಂಡರು, ಕೈ ಚಾಚಿದರು, ನಿಲ್ಲಿಸಿದರು.

"ನನ್ನ ಕೈಲಿ ಆಗಲ್ಲ. ನೀವೇ ಇಡ್ರಿ" ಅಂತ ಬ್ರಷ್ಷನ್ನು ಅತ್ತೆಗೆ ಕೊಟ್ಟರು.

"ನಾನಾ? ಹೇಗೆ?"

"ಮುತ್ತೈದೆಗೆ ಕುಂಕುಮ ಇಡೋ ಹಾಗೆ."

ಅತ್ತೆ ಬ್ರಷ್ಷಿನಿಂದ ಪರಾಗವನ್ನು ತಮ್ಮ ಉಂಗುರದ ಬೆರಳಿಗೆ ಬಳಿದುಕೊಂಡರು. ಬ್ರಷ್ಷನ್ನು ನನ್ನ ಕೈಗೆ ತುರುಕಿದರು. ಹೂವಿನ ಒಳಗೆ ಬೆರಳಿಟ್ಟು ಒಂದು ಸಲ ಒತ್ತಿದರು, ಅಷ್ಟೇ. ಮೇಲೆ ಏರ್‌ಪೋರ್ಟಿಗೆ ಇಳಿಯುವ ವಿಮಾನವೊಂದು ಹೋಯಿತು.

ದಳ ಉದುರಿದರೂ ಈ ಸಲ ತೊಟ್ಟು ಉಳಿಯಿತು, ಮೂರು ವಾರಕ್ಕೆ ಅದರ ತುದಿಯಲ್ಲಿ ಬಟಾಣಿಯಷ್ಟು ಹಸಿರು ಕಂಡಿತು. ಆಗಸ್ಟಿಗೆ ನಿಂಬೆಹಣ್ಣು, ಅಕ್ಟೋಬರಿನಲ್ಲಿ ಅತ್ತೆ ವಿಮಾನ ಹತ್ತುವ ಹೊತ್ತಿಗೆ ಮೂಸಂಬಿ. ಹೋಗುವ ಮುಂಚೆ ಅತ್ತೆ ಕಾಯಿಗೆ ದೃಷ್ಟಿ ತೆಗೆದರು, ದೇವರು ದಿಂಡರು ಅಂದರೆ ಮೂಗು ಮುರಿಯುತ್ತಿದ್ದ ಡಾಕ್ಟ್ರು ಸುಮ್ಮನೆ ಪಕ್ಕದಲ್ಲಿ ನಿಂತಿದ್ದರು. ಡಿಸೆಂಬರ್ ಕೊನೆಯಲ್ಲಿ ಕಾಯಿ ಬಣ್ಣ ತಿರುಗಿತು. ನಮ್ಮ ಅಡುಗೆಮನೆ ಕಟ್ಟೆಯ ಮೇಲೆ, ಅತ್ತೆಯನ್ನು ವಿಡಿಯೋ ಕಾಲ್‌ನಲ್ಲಿ ಕೂರಿಸಿಕೊಂಡು, ಡಾಕ್ಟ್ರು ಅದನ್ನು ಕೊಯ್ದರು. ಮನೆಯೆಲ್ಲ ಘಮ್ಮೆಂದಿತು. ಡಾಕ್ಟ್ರು ಕಣ್ಣು ಮುಚ್ಚಿಕೊಂಡು ತುಂ‌ಬಾ ಹೊತ್ತು ಹಾಗೇ ನಿಂತಿದ್ದರು. "ಹೇಗಿದೆ ವಾಸನೆ, ಹೇಳ್ರೇ ಯಾರಾದ್ರೂ" ಅಂತ ಮೈಸೂರಿನಿಂದ ಅತ್ತೆ ಕೂಗುತ್ತಿದ್ದರು.

ಜನವರಿಯಲ್ಲಿ ಅವರನ್ನು ಲೀಡ್ಸಿಗೆ ಬಿಟ್ಟು ಬಂದದ್ದು ನಾವೇ. ಡಾಕ್ಟ್ರು ಮುಂದಿನ ಸೀಟು, ಹಿಂದಿನ ಸೀಟಿನಲ್ಲಿ ಬೀಜ ಬಿತ್ತಿದ ಟ್ರೇಗಳಿಗೆ ಸೀಟ್‌ಬೆಲ್ಟು, ಅಕ್ಕಪಕ್ಕ ಎರಡು ಹಾಟ್ ವಾಟರ್ ಬ್ಯಾಗು, ಮೇಲೆ ಕಂಬಳಿ. ದಾರಿಯುದ್ದಕ್ಕೂ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದರು. ಸೊಲಿಹಲ್‌ನ ಗಾಜಿನ ಮನೆ ಕೆಡವಿದ ದಿನ ನಾನು ಬೇಕಂತಲೇ ಓವರ್‌ಟೈಮ್ ಮಾಡಿ ಕತ್ತಲಾದ ಮೇಲೆ ಮನೆಗೆ ಬಂದೆ.

ಬೀಜಗಳಲ್ಲಿ ಒಂಬತ್ತು ಮೊಳೆತವು. ಮುಂದಿನ ಮೂರು ವರ್ಷದಲ್ಲಿ ಅವರಿಗೆ ಒಂಬತ್ತು ಕೇಸ್ ಶೀಟು. ಫೋನ್ ಮಾಡಿದಾಗಲೆಲ್ಲ ಮೊದಲು ಗಿಡಗಳ ಸಮಾಚಾರ, ಆಮೇಲೆ, "ಸಿಸ್ಟರ್ ಹೇಗಿದ್ದಾರೆ ಮೈಸೂರಲ್ಲಿ?"

ಕಾರ್ಯ ಎಲ್ಲ ಮುಗಿದ ಮೇಲಿನ ಶನಿವಾರ ಲೀಡ್ಸಿಗೆ ಹೋದೆ. ಅವರ ಕೋಣೆಯ ಕಿಟಕಿಯಲ್ಲಿ ಒಂಬತ್ತು ಕುಂಡ, ಎಂಟಕ್ಕೆ ಇಂಗ್ಲಿಷಿನಲ್ಲಿ ಹೆಸರು ಬರೆದ ಲೇಬಲ್ಲು. ಒಂದು ಆ ನರ್ಸಿಗೆ, ಒಂದು ಕಾಲೇಜಿನ ತೋಟಕ್ಕೆ, ಹೀಗೆ. ಒಂಬತ್ತನೆಯದರ ಕೊರಳಿಗೆ ಹಸಿರು ಬಣ್ಣ ಬಳಿದ ಪುಟ್ಟ ಮರದ ಹಲಗೆ ನೇತುಹಾಕಿತ್ತು, ಮೇಲೆ ಹಳದಿ ಅಕ್ಷರ. ಕೈ ನಡುಗಿದ ಬರಹ.

"ಏನು ಬರ್ದಿದಾರೆ?" ಅಂತ ಮಗಳು ನನ್ನ ಹೆಗಲ ಮೇಲಿಂದ ಬಗ್ಗಿ ಕೇಳಿದಳು.

ಹಲಗೆಯನ್ನು ಬೆಳಕಿಗೆ ತಿರುಗಿಸಿ ಓದಿದೆ. "ಹೂಗಳನ್ನು ಕೀಳಬಹುದು. ಸಿಸ್ಟರ್ ಮಾತ್ರ."

ಅಲ್ಲಿಂದಲೇ ಮೈಸೂರಿಗೆ ವಿಡಿಯೋ ಕಾಲ್ ಮಾಡಿ ಅತ್ತೆಗೆ ಹಲಗೆ ತೋರಿಸಿದೆ. ಕನ್ನಡಕ ಹುಡುಕಿ ಹಾಕಿಕೊಂಡು ಓದಿದರು. ಸ್ವಲ್ಪ ಹೊತ್ತು ಫೋನಿನಲ್ಲಿ ಬರೀ ಸೀಲಿಂಗ್ ಫ್ಯಾನ್ ಕಾಣುತ್ತಿತ್ತು, ಅತ್ತೆ ಮೂಗೊರೆಸಿಕೊಳ್ಳುವ ಸದ್ದು ಕೇಳುತ್ತಿತ್ತು.

"ಹೂ ಬಿಡೋಕೆ ಇನ್ನು ಎಷ್ಟು ವರ್ಷ ಆಗತ್ತಂತೆ?" ಅಂದರು ಕಡೆಗೆ.

"ಹತ್ತಾದ್ರೂ ಆಗಬಹುದು ಅತ್ತೆ."

ಅತ್ತೆಗೆ ಈಗ ಎಪ್ಪತ್ತಾರು. ಒಂದು ಗಳಿಗೆ ಲೆಕ್ಕ ಹಾಕಿದರು.

"ಆಗಲಿ. ನೀನು ಅಲ್ಲಿವರೆಗೆ ದಿನಾ ನೀರು ಹಾಕು, ಬೀಗದಕೈ ಮಾತ್ರ ಯಾರಿಗೂ ಕೊಡಬೇಡ. ನಾನು ಪಾಸ್‌ಪೋರ್ಟ್ ರಿನ್ಯೂ ಮಾಡಿಸ್ಕೊಂಡು ಇಟ್ಟಿರ್ತೀನಿ."